ದಿಬ್ಬದ ಬಿಸಿ

ದ್ವೀಪದ ದಿಬ್ಬಗೋಳಿ ತನ್ನ ಮೊಟ್ಟೆಯನ್ನು ಮರಳು, ಎಲೆಗಳ ದಿಬ್ಬದಲ್ಲಿ ಹೂತಿಟ್ಟು, ಕೊಳೆವ ಎಲೆಗಳ ಕಾವಿಗೆ ಬಿಟ್ಟುಹೋಗುವಂತೆ, ಹೆಂಗಸರೂ ಹೆತ್ತ ಕೂಸುಗಳನ್ನು ದಿಬ್ಬದಲ್ಲಿಟ್ಟು ಕೆಲಸಕ್ಕೆ ಹೋಗತೊಡಗಿ ಎರಡು ತಲೆಮಾರಾಗಿತ್ತು. ಒಳಗೇ ಬೆಳೆದು, ಮಾತು ಕಲಿತು ಹೊರಬರುವ ಮಕ್ಕಳು ಯಾರ ಮುಖವನ್ನೂ ನೋಡದೆ ನಡೆದುಬಿಡುತ್ತಿದ್ದವು.

ಅಕ್ಕುವಿಗೆ ಮಾತ್ರ ಒಮ್ಮೆಯಾದರೂ ಅಮ್ಮ ಎನ್ನಿಸಿಕೊಳ್ಳುವ ಆಸೆ. ಮೀನು ಕೊಯ್ಯುವ ಕೆಲಸ ಮುಗಿಸಿ ದಿನವೂ ಬಂದು, ತನ್ನ ಕೂಸಿದ್ದ ದಿಬ್ಬದೊಳಗೆ ಮೊಣಕೈವರೆಗೆ ತೋಳು ತೂರಿಸಿ ಬಿಸಿ ನೋಡುತ್ತಿದ್ದಳು. ಕೂಸಿಗೆ ಚಳಿಯಾದೀತೆಂದು ಇನ್ನೊಂದು ಬುಟ್ಟಿ ಸೊಪ್ಪು ಸುರಿಯುತ್ತಿದ್ದಳು.

"ಸಾಕು ಮಾರಾಯ್ತಿ, ಕೂಸನ್ನ ಬೇಯಿಸ್ತೀಯಾ?" ಎಂದು ಪಕ್ಕದ ದಿಬ್ಬದ ಸಿಂಗಾರಿ ನಗುತ್ತಿದ್ದಳು. "ಕೋಳಿಗಿರೋ ಬುದ್ಧಿ ನಿಂಗಿಲ್ವಲ್ಲೇ!"

ಒಂದು ಬೆಳಿಗ್ಗೆ ಮರಳು ಕುಸಿದು, ಏಳೆಂಟು ವರ್ಷದವಳಂತಿದ್ದ ಹುಡುಗಿ ಎದ್ದು ಬಂದಳು. ಗಲ್ಲ ಥೇಟ್ ಅಕ್ಕುವಿನದೇ. ಅಕ್ಕು ಗಂಜಿಯ ಬಟ್ಟಲು ಚಾಚಿದಳು. ಹುಡುಗಿ ನಿಂತೇ ಕುಡಿದು ಬಾಯೊರೆಸಿಕೊಂಡಳು.

"ಈ ದಿಬ್ಬ ನೋಡ್ಕೊಂಡಿದ್ದು ನೀವಾ?"

"ಹ್ಞೂಂ ಮಗಾ, ನಾನೇ." ಅಕ್ಕು ಒಂದು ಹೆಜ್ಜೆ ಹತ್ತಿರ ಬಂದಳು.

"ಒಳಗೆ ಸೆಕೆ ತಡೆಯೋಕಾಗ್ಲಿಲ್ಲ. ಮುಂದಿನ ಕೂಸಿಗೆ ಅಷ್ಟು ಸೊಪ್ಪು ಹಾಕ್ಬೇಡಿ."

ಬಟ್ಟಲನ್ನು ಅಕ್ಕುವಿನ ಕೈಗಿತ್ತು, ಹುಡುಗಿ ಮೀನು ಕೊಯ್ಯುವ ಶೆಡ್ಡಿನ ಕಡೆ ನಡೆದಳು.