ಅಕ್ವೇರಿಯಂನ ಆಳ

ಕಡಲ ಮೀನು, ಹವಳ ಸಾಕುವ ದೊಡ್ಡ ಅಕ್ವೇರಿಯಂ ಮಾಡಿಸಲು ಹೆಂಡತಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

"ಆ ಉಪ್ಪುನೀರಿಗೆ ನಾನು ಬೆರಳೂ ಅದ್ದಲ್ಲ."

"ನೀನ್ಯಾಕೆ ಅದ್ದಬೇಕು? ಎಲ್ಲಾ ನಾನೇ ನೋಡ್ಕೋತೀನಿ," ಎಂದ ಗಂಡ.

ಅಕ್ವೇರಿಯಂ ಮಾಡುವವನು ಬಂದು ಹಾಲ್ ಅಳೆದ. ಉದ್ದ ಎಂಟಡಿ, ಅಗಲ ಮೂರಡಿ ಎಂದು ತೀರ್ಮಾನವಾಯಿತು. ಹೆಂಡತಿ ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು.

"ಆಳ ಎಷ್ಟಿಡ್ಲಿ ಸಾರ್?"

"ಅದೂ ಮೂರಡಿ ಇರ್ಲಿ. ನೋಡೋಕೆ ಭರ್ಜರಿಯಾಗಿರುತ್ತೆ."

"ಹಾಗೆಲ್ಲಾ ಇಡೋಕಾಗಲ್ಲ ಸಾರ್. ವಾರ ವಾರ ಪಾಚಿ ಉಜ್ಜಬೇಕು, ಕೈ ತಳ ಮುಟ್ಟಬೇಕು. ಕ್ಲೀನ್ ಮಾಡೋರ ತೋಳು ಎಷ್ಟುದ್ದವೋ ಅಷ್ಟೇ ಆಳ. ಎಲ್ಲಿ, ಕೈ ಚಾಚಿ," ಎಂದು ಅವನು ಟೇಪು ಬಿಚ್ಚಿದ.

ಗಂಡ ಅಡುಗೆಮನೆಯತ್ತ ತಿರುಗಿ ಕೂಗಿದ: "ಏ ಇವಳೇ, ಒಂದ್ನಿಮಿಷ ಬಾ ಇಲ್ಲಿ. ಕೈ ಅಳತೆ ಬೇಕಂತೆ!"