ಮೂವತ್ತೊಂದು ಸಹಿ

"ಮೆಟ್ಟಿಲ ಮೇಲೆ ಜಾರಿ ಬಿದ್ದೆ ಮೇಡಂ," ಎಂದು ಡಾಲ್ಟನ್ ಪ್ರೂಯಿಟ್ ಮೂರನೇ ಸಲ ಹೇಳಿದ. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್ ಹಾಕಿತ್ತು. ಸರಿಯಾಗಿ ಕೂರಲಾಗದೆ ಕುರ್ಚಿಯ ಅಂಚಿನಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡಿದ್ದ. ಮೆಟ್ಟಿಲ ಮೇಲೆ ಬಿದ್ದವರು ಹಾಗೆ ಕೂರುವುದಿಲ್ಲ ಎಂಬುದು ಡೀನ್ ಲೊರೇನ್ ಫೆಸ್ಲರ್‌ಗೆ ಗೊತ್ತಿತ್ತು. ಅಲಬಾಮಾದ ಆ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಆಕೆ ಇದೇ ಕಥೆ ಕೇಳುತ್ತಾ ಬಂದಿದ್ದಳು. ಆ ಊರಿನ ಮೆಟ್ಟಿಲುಗಳು ಪ್ರತಿ ನವೆಂಬರಿನಲ್ಲೇ ಯಾಕೆ ಜಾರುತ್ತವೋ, ಅದೂ ಹೊಸ ಹುಡುಗರಿಗೆ ಮಾತ್ರ, ದೇವರೇ ಬಲ್ಲ.

ಡಾಕ್ಟರ ವರದಿ ಮೇಜಿನ ಮೇಲಿತ್ತು. ಮಣಿಕಟ್ಟು ಮುರಿದಿದೆ, ಎರಡು ಬೆರಳಿನ ಮೂಳೆ ಬಿರುಕು ಬಿಟ್ಟಿದೆ, ಮೂತ್ರದಲ್ಲಿ ರಕ್ತ. ನಡೆದದ್ದೇನೆಂದು ಕ್ಯಾಂಪಸ್ಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಬರೆದು ಮಾತ್ರ ಕೊಡುವುದಿಲ್ಲ. ಶನಿವಾರಗಳಂದು ಮಧ್ಯಾಹ್ನ, ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ, ಫ್ರೆಟರ್ನಿಟಿ ಎಂಬ ವಿದ್ಯಾರ್ಥಿ ಸಂಘದ ಮನೆಯ ನೆಲಮಾಳಿಗೆಯಲ್ಲಿ ಸಂಘ ಸೇರಲು ಬಂದ ಉಮೇದುವಾರರನ್ನು ಬಗ್ಗಿಸಿ ನಿಲ್ಲಿಸಿ, ಮರದ ಹಲಗೆಯಿಂದ ಹಿಂಭಾಗಕ್ಕೆ ಇಪ್ಪತ್ತೊಂದು ಏಟು ಹಾಕುತ್ತಾರೆ. ಪ್ರತಿ ಏಟನ್ನೂ ಎಣಿಸಿ 'ಥ್ಯಾಂಕ್ಸ್ ಅಣ್ಣ' ಅನ್ನಬೇಕು. ತಡೆಯಲಾರದೆ ಕೈ ಅಡ್ಡ ಹಿಡಿದರೆ ಎಣಿಕೆ ಮತ್ತೆ ಒಂದರಿಂದ. ಮೊನ್ನೆ ಶನಿವಾರ ಡಾಲ್ಟನ್ ಹದಿನೆಂಟನೆಯ ಏಟಿಗೆ ಕೈ ಅಡ್ಡ ತಂದಿದ್ದ. ಆಮೇಲೆ ಆ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಒಂದರಿಂದ ಶುರು ಮಾಡಿ ಇಪ್ಪತ್ತೊಂದೂ ಮುಗಿಸಿದ್ದ. ಹೊಡೆದವನು ಗ್ರೇಡಿ. ಡಾಲ್ಟನ್‌ಗೆ ಅಣ್ಣನ ಹಾಗೆ ಇರು ಎಂದು ಸಂಘವೇ ಗೊತ್ತುಮಾಡಿದ್ದ ಹುಡುಗ.

ಡೀನ್ ಬಿಡಿಸಿ ಹೇಳಿದಳು. ಹೊಡೆದವರ ಹೆಸರುಗಳನ್ನು ಡಾಲ್ಟನ್ ಬರೆದುಕೊಟ್ಟರೆ ಆ ಮನೆಗೆ ಬೀಗ ಬೀಳುತ್ತದೆ. ಕೊಡದಿದ್ದರೆ ಕಡತ ಇವತ್ತೇ ಮುಚ್ಚುತ್ತದೆ, ಮುಂದಿನ ಶನಿವಾರ ಅವನು ಮತ್ತೆ ಅದೇ ನೆಲಮಾಳಿಗೆಯಲ್ಲಿ ಬಗ್ಗಿ ನಿಂತಿರುತ್ತಾನೆ. ಮೂತ್ರಪಿಂಡ ಇನ್ನೊಂದು ಸಲ ತಡೆದುಕೊಳ್ಳುವುದು ಅನುಮಾನ ಎಂದು ಡಾಕ್ಟರು ಬರೆದಿದ್ದ ಸಾಲನ್ನು ಎರಡು ಸಲ ಓದಿದಳು. ಪಕ್ಕದ ಕುರ್ಚಿಯಲ್ಲಿ ಡಾಲ್ಟನ್‌ನ ತಾಯಿ ವಾಂಡಾ ಇದ್ದಳು. ಕೋಳಿಮಾಂಸದ ಕಾರ್ಖಾನೆಯ ಪಾಳಿ ಮುಗಿಸಿ, ಬಟ್ಟೆ ಕೂಡ ಬದಲಾಯಿಸದೆ ಐದು ಗಂಟೆ ಕಾರು ಓಡಿಸಿಕೊಂಡು ಬಂದವಳು.

"ಹೆಸರು ಹೇಳೋ ಡಾಲ್ಟನ್. ನಾಳೆ ನೀನು ಹಾಸಿಗೆ ಹಿಡಿದ್ರೆ ನೋಡ್ಕೊಳ್ಳೋಕೆ ಅವರ‍್ಯಾರೂ ಬರಲ್ಲ."

"ನಿನಗೆ ಗೊತ್ತಾಗಲ್ಲ, ಸುಮ್ನಿರಮ್ಮ. ನಮ್ಮ ಮನೆ ವಿಷಯ ನಾವು ಹೊರಗೆ ಹೇಳಲ್ಲ."

ಹಾಗಾದರೆ ನಾನಿರುವುದು ಯಾರ ಮನೆಯೋ ಎಂದು ಕೇಳಬೇಕೆನಿಸಿತು ವಾಂಡಾಳಿಗೆ. ಹೈಸ್ಕೂಲಿನ ನಾಲ್ಕು ವರ್ಷವೂ ಊಟದ ಹೊತ್ತಿಗೆ ತಟ್ಟೆ ಹಿಡಿದು ಒಬ್ಬನೇ ಮೂಲೆಯ ಮೇಜಿಗೆ ಹೋಗುತ್ತಿದ್ದ ಹುಡುಗ ಇವನು. ಸೆಪ್ಟೆಂಬರಿನಿಂದ ಈಚೆಗೆ ಫೋನು ಮಾಡಿದಾಗಲೆಲ್ಲ ನಾವು ಅಲ್ಲಿಗೆ ಹೋಗಿದ್ದೆವು, ನಾವು ಹೀಗೆ ನಕ್ಕೆವು ಎಂದು ಹೇಳತೊಡಗಿದ್ದ. ಮಗನ ಬಾಯಲ್ಲಿ ಅಂಥ ಮಾತು ಕೇಳಿ ಅವಳು ಅಡುಗೆಮನೆಯಲ್ಲಿ ನಿಂತು ಸಂತೋಷಕ್ಕೆ ಅತ್ತದ್ದೂ ಉಂಟು. ಈಗ ಆ ಸಂತೋಷಕ್ಕೆ ಅವಳಿಗೇ ನಾಚಿಕೆಯಾಯಿತು.

ಡೀನ್ ಬಳಿ ಇನ್ನೊಂದು ಕಾಗದವಿತ್ತು. ತೋರಿಸಲು ಅವಳಿಗೆ ಮನಸ್ಸಿರಲಿಲ್ಲ. ಬೇರೆ ದಾರಿ ಕಾಣದೆ ಡ್ರಾಯರಿನಿಂದ ತೆಗೆದು ಹುಡುಗನ ಮುಂದಿಟ್ಟಳು. ಅವತ್ತು ಬೆಳಗ್ಗೆ ಸಂಘದಿಂದ ಬಂದದ್ದು. ಡಾಲ್ಟನ್ ಪ್ರೂಯಿಟ್ ಎಂಬಾತನನ್ನು ಗುರುವಾರವೇ ಉಮೇದುವಾರಿಕೆಯಿಂದ ಕೈಬಿಡಲಾಗಿದೆ, ಶನಿವಾರ ಆತ ಕರೆಯದೆಯೇ ನಮ್ಮ ಮನೆಗೆ ಬಂದಿದ್ದ, ಆತನಿಗಾದ ಗಾಯಕ್ಕೂ ನಮಗೂ ಸಂಬಂಧವಿಲ್ಲ ಎಂದಿತ್ತು. ಕೆಳಗೆ ಮೂವತ್ತೊಂದು ಜನ ಸದಸ್ಯರ ಸಹಿ. ಮೂರನೆಯದು ಗ್ರೇಡಿಯದು.

ಡಾಲ್ಟನ್ ಅದನ್ನು ಪೂರ್ತಿ ಓದಿದ, ಮತ್ತೆ ಮೊದಲಿನಿಂದ ಓದಿದ. ಮುಖ ಬಿಳಿಚಿಕೊಂಡಿತು. ಗ್ರೇಡಿಯ ಸಹಿಯ ಮೇಲೆ ಎಡಗೈ ಬೆರಳಿಟ್ಟು ಹಾಗೇ ಕೂತ. ಅಂತೂ ಹುಡುಗನ ಕಣ್ಣು ತೆರೆಯಿತು ಎಂದುಕೊಂಡು ಡೀನ್ ಖಾಲಿ ಹಾಳೆಯನ್ನೂ ಪೆನ್ನನ್ನೂ ಸದ್ದಿಲ್ಲದೆ ಅವನ ಕಡೆ ಸರಿಸಿದಳು. ವಾಂಡಾ ಮಗನ ಬೆನ್ನ ಮೇಲೆ ಕೈಯಿಟ್ಟಳು.

ಸ್ವಲ್ಪ ಹೊತ್ತಿಗೆ ಅವನ ಮುಖಕ್ಕೆ ಮೆಲ್ಲಗೆ ಬಣ್ಣ ಬಂತು. ಕಾಗದವನ್ನು ನೀಟಾಗಿ ಮಡಿಸಿ ಡೀನ್‌ಗೇ ವಾಪಸು ಕೊಟ್ಟ.

"ನಾವು ಸೇರಿದ ಮೂರನೇ ವಾರಾನೂ ಹೀಗೇ ಮಾಡಿದ್ರು ಮೇಡಂ. ನಿಮ್ಮನ್ನೆಲ್ಲ ತೆಗೆದು ಹಾಕಿದೀವಿ, ಹೋಗಿ ಅಂದ್ರು. ನಾಲ್ಕು ಜನ ನಂಬಿ ಹೊರಟೇಬಿಟ್ರು. ನಾವು ಒಂಬತ್ತು ಜನ ಬಿಸಿಲಲ್ಲಿ ಸಂಜೆವರೆಗೂ ಹುಲ್ಲಿನ ಮೇಲೆ ನಿಂತೇ ಇದ್ವಿ. ನಿಂತವರನ್ನ ಮಾತ್ರ ಒಳಗೆ ಕರ‍್ಕೊಂಡ್ರು."

ವಾಂಡಾ ಅವನ ಬೆನ್ನಿನಿಂದ ಕೈ ತೆಗೆದಳು. ಡೀನ್ ಆ ಮಡಿಸಿದ ಕಾಗದವನ್ನು ಬಿಡಿಸಿ, ಮೇಲ್ತುದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಹೆಸರಿನ ಮೇಲೆ ಪೆನ್ನಿಟ್ಟು ತೋರಿಸಿದಳು.

"ಇದು ಪರೀಕ್ಷೆ ಅಲ್ಲಪ್ಪ. ಇಲ್ಲಿ ನೋಡು. ಇದನ್ನ ಬರೆದಿರೋದು ಹುಡುಗರಲ್ಲ, ಬರ್ಮಿಂಗ್‌ಹ್ಯಾಮಿನ ಲಾಯರು. ನಿನ್ನಿಂದ ತಪ್ಪಿಸ್ಕೊಳ್ಳೋಕೆ ಅಂತಾನೇ ಅವರನ್ನ ಇಟ್ಕೊಂಡಿದಾರೆ."

ಡಾಲ್ಟನ್ ಬಗ್ಗಿ ಆ ಹೆಸರನ್ನು ಓದಿದ. ಅವನ ಕಣ್ಣು ತುಂಬಿ ಬಂತು. ತಾಯಿಯ ಕಡೆ ತಿರುಗಿ ಮೆಲುದನಿಯಲ್ಲಿ ಹೇಳಿದ:

"ನೋಡಿದ್ಯಾಮ್ಮ, ನನ್ನೊಬ್ಬನಿಗೋಸ್ಕರ ಲಾಯರನ್ನೂ ಕರೆಸಿದಾರೆ."