ದಂಡದ ಖಾತೆ

ಮನೆಖರ್ಚು ಬರೆದಿಡುವ ಆ್ಯಪ್‌ನಲ್ಲಿ ಗಂಡ ತಾನೇ ಒಂದು ಹೊಸ ಖಾತೆ ತೆರೆದಿದ್ದ. ಅದರ ಹೆಸರು ‘ದಂಡ’.

ವಾರಿಜಾ ಫೋನನ್ನು ಅವನ ಮುಖದೆದುರು ಹಿಡಿದಳು. “ನಾನು ಮುಡಿದ ಮಲ್ಲಿಗೆ ದಂಡ. ಕಾಲು ಊದಿಕೊಂಡಿದೆ ಅಂತ ಮಾರ್ಕೆಟ್ಟಿಂದ ಆಟೋದಲ್ಲಿ ಬಂದಿದ್ದೂ ದಂಡ. ನಿಮ್ಮ ಸಿಗರೇಟು ಮಾತ್ರ ಅಗತ್ಯದ ಖರ್ಚಾ?”

“ದುಡಿಯೋನು ನಾನು. ಕೂಗಾಡ್ಬೇಡ.”

“ನಮ್ಮಮ್ಮ ಬಂದಾಗ ತಂದ ಅರ್ಧ ಲೀಟರ್ ಹಾಲೂ ದಂಡಾನಾ?”

“ಹೌದು. ಉಪಯೋಗಕ್ಕೆ ಬಾರದ ಖರ್ಚೆಲ್ಲ ದಂಡಾನೇ.”

“ಹಾಗಾದ್ರೆ ಹಳೇ ಖರ್ಚನ್ನೂ ಇದ್ರಲ್ಲಿ ಹಾಕ್ಬಹುದಾ?”

“ಧಾರಾಳವಾಗಿ ಹಾಕು. ಒಂದೂ ಬಿಡ್ಬೇಡ.”

ಅವಳು ಹಲ್ಲು ಕಚ್ಚಿಕೊಂಡು ಟೈಪ್ ಮಾಡಿ ಫೋನನ್ನು ಅವನ ಮುಂದೆ ಕುಕ್ಕಿದಳು.

‘ನಮ್ಮ ಮದುವೆಯಲ್ಲಿ ಅಪ್ಪ ಕೊಟ್ಟ ವರೋಪಚಾರ: ದಂಡ.’